ವಿಲಾಯತಿಯ ಕಪ್ಪೆಗಳೂ ಪಾವಗಡದ ನೀಲಮ್ಮನೂ

ಸಮುದ್ರ ದಾಟಿ ಬಂದವನೆಂದು ಮಧುಗಿರಿಯಲ್ಲಿ ನನಗೆ ಈಗಲೂ ಒಂದು ಮರ್ಯಾದೆ ಉಂಟು. ಪೇಟೆಯಲ್ಲಿ ಸಿಕ್ಕವರು ಜಗಲಿಯ ಮೇಲೆ ಕೂರಿಸಿಕೊಂಡು, "ಅಲ್ಲಿ ಏನೇನ್ ನೋಡಿದ್ರಿ ಸ್ವಾಮಿ?" ಎಂದು ಕೇಳುತ್ತಾರೆ. ನೆಲದಡಿಯಲ್ಲಿ ಓಡುವ ರೈಲು, ರಾಜರ ಅರಮನೆ, ಇಂಥದ್ದನ್ನು ಹೇಳಲಿ ಎಂದು ಅವರ ಆಸೆ. ನಾನು "ಕಪ್ಪೆ ನೋಡಿದೆ" ಎನ್ನುತ್ತೇನೆ. ಇವನಿಗೆ ಅಲ್ಲಿಯ ಚಳಿ ತಲೆಗೆ ಹತ್ತಿರಬೇಕು ಎಂದುಕೊಂಡು ಮಾತು ಬದಲಾಯಿಸುತ್ತಾರೆ. ಅವರ ಮೇಲೆ ನನಗೆ ಬೇಸರವಿಲ್ಲ. ಆದರೆ ನಾನು ಹೇಳುವುದು ನಿಜ. ಅಷ್ಟು ದೂರ ಹೋಗಿ ನಾನು ಬೆಚ್ಚಿಬಿದ್ದದ್ದು ಅರಮನೆ ನೋಡಿ ಅಲ್ಲ, ಕಪ್ಪೆ ನೋಡಿ. ಆ ಗಾಬರಿ ಇನ್ನೂ ಪೂರ್ತಿ ಇಳಿದಿಲ್ಲ.

ನಾನು ರಸಾಯನಶಾಸ್ತ್ರ ಓದಿದವನು. ಮಹಾರಾಜರ ಸರ್ಕಾರದಲ್ಲಿ ಔಷಧ ತಯಾರಿಸುವ ಕೆಲಸ. ದನಕುರಿಗಳ ಗ್ರಂಥಿಗಳಿಂದ ರಸ ತೆಗೆದು ಔಷಧ ಮಾಡುವ ಹೊಸ ವಿದ್ಯೆ ವಿಲಾಯತಿಯಲ್ಲಿ ಬಂದಿದೆ, ಹೋಗಿ ಕಲಿತು ಬಾ ಎಂದು ಕಳಿಸಿದರು. ಲಿಂಗಾಯತರ ಮನೆಯ ಹುಡುಗನಿಗೆ ಕಸಾಯಿಖಾನೆಯ ವಿದ್ಯೆ! ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು.

ನನ್ನ ಮಾವನವರು ಪಾವಗಡದಲ್ಲಿ ಕಡಲೆಕಾಯಿ ವ್ಯಾಪಾರಿ. ನಾನು ಹೊರಡುವ ಸುದ್ದಿ ಕೇಳಿ ಮಧುಗಿರಿಗೆ ಬಂದು ಕೂತರು.

"ಅಳಿಯಂದ್ರೆ, ವಿಲಾಯತಿಗೆ ಒಬ್ರೇ ಹೋದೋರು ವಾಪಸ್ ಬರೋವಾಗ ಇಬ್ರಾಗಿ ಬರ್ತಾರಂತೆ. ಅದಕ್ಕೆ ಹೋಗೋವಾಗ್ಲೇ ಇಬ್ರೂ ಹೋಗ್ಬುಡಿ."

ಹೀಗೆ ನನ್ನ ಹೆಂಡತಿ ನೀಲಮ್ಮ ಒಂದು ಡಬ್ಬ ರಾಗಿಹಿಟ್ಟು, ಒಂದು ಡಬ್ಬ ಹುಣಸೆಹಣ್ಣಿನ ಜೊತೆಗೆ ಹಡಗು ಹತ್ತಿದಳು. ಅವಳಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಕನ್ನಡ ಚೆನ್ನಾಗಿ ಬರುತ್ತದೆ. ಗಾಬರಿಯಾದರೆ ಮಾತ್ರ ಬಾಯಿಗೆ ತೆಲುಗು ಬಂದುಬಿಡುತ್ತದೆ. ಹಡಗಿನಲ್ಲಿ ಅವಳು ತೆಲುಗನ್ನೇ ಹೆಚ್ಚಾಗಿ ಆಡಿದಳು.

ಬಂದರಿನ ಮನೆ

ನಾವು ಇಳಿದುಕೊಂಡದ್ದು ಸ್ಕಾಟ್ಲೆಂಡಿನ ಒಂದು ಬಂದರಿನ ಊರು. ಹೆಸರು ಬೇಡ. ಅಲ್ಲಿ ಮಳೆ ಬರುತ್ತದೆ ಎನ್ನುವುದು ತಪ್ಪು, ಮಳೆ ಅಲ್ಲಿಯೇ ವಾಸವಾಗಿದೆ. ಶಿರಾದ ಕಡೆ ಒಂದು ಹದ ಮಳೆ ಬಿದ್ದರೆ ಆ ವರ್ಷವೆಲ್ಲ ಅದರ ಮಾತೇ ಆಡುತ್ತೇವೆ. ಇಲ್ಲಿ ಜನ ಮಳೆಯನ್ನು ಬೈಯುತ್ತಾ ನಡೆಯುವುದನ್ನು ನೋಡಿ ನೀಲಮ್ಮನಿಗೆ ಹೊಟ್ಟೆ ಉರಿಯಿತು.

"ಇಂಗೆ ಬಯ್ಕೊಂಡೂ ಬಯ್ಕೊಂಡೂ ತಿರುಗ್ತಾರಲ್ರೀ, ಇದ್ರಾಗೆ ಅರ್ಧ ಪಾವಗಡಕ್ಕೆ ಕೊಟ್ಟಿದ್ರೆ ಏನಾಗ್ತಿತ್ತು?"

ಇನ್ನೊಂದು ವಿಚಿತ್ರ ನನಗೆ ಕೆಲವು ದಿನ ಕಳೆದ ಮೇಲೆ ಹೊಳೆಯಿತು. ಅಷ್ಟು ಮಳೆ ಬಿದ್ದರೂ ಒಂದೇ ಒಂದು ಕಪ್ಪೆ ವಟಗುಟ್ಟುತ್ತಿರಲಿಲ್ಲ. ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಕೆರೆಯ ಅಂಗಳದಿಂದ ಏಳುವ ಸದ್ದಿಗೆ ಮನೆಯಲ್ಲಿ ಮಾತು ಕೇಳುವುದಿಲ್ಲ. ಕಪ್ಪೆ ಕೂಗುವುದಕ್ಕೆ ಮಳೆಯೇ ಕಾರಣ ಎಂದು ಹುಟ್ಟಿದಾಗಿನಿಂದ ನಂಬಿದ್ದ ನನಗೆ ಇದು ಮೊದಲ ಪೆಟ್ಟು.

ಮನೆಯೊಡತಿ ಮಿಸೆಸ್ ಗ್ರೇ, ಗಂಡ ತೀರಿಹೋದ ಹೆಂಗಸು. ಮಾತು ಕಡಮೆ, ಬೆನ್ನು ನೆಟ್ಟಗೆ. ಅಡಿಗೆಮನೆಯಲ್ಲಿ ನಮಗೆಂದು ಒಂದು ಒಲೆ, ಎರಡು ಪಾತ್ರೆ ಬೇರೆ ಬಿಟ್ಟುಕೊಟ್ಟಳು. ಮೊದಲ ದಿನ ನೀಲಮ್ಮ ಮುದ್ದೆ ತಿರುವಿ ತಟ್ಟೆಯಲ್ಲಿಟ್ಟು ನೀರು ತರಲು ಹೋದಾಗ, ಆಕೆ ಅದನ್ನು ಯಾವುದೋ ಹೊಸ ಥರದ ಸಾಬೂನು ಎಂದುಕೊಂಡು ಒಲೆಯ ಮೇಲೆ ಉಜ್ಜಿ ನೋಡಿದ್ದಳು. ಒಲೆ ನೋಡಿ ಆಕೆಯೂ, ಮುದ್ದೆ ನೋಡಿ ನೀಲಮ್ಮನೂ ಬಾಯಿ ಬಿಟ್ಟುಕೊಂಡು ನಿಂತರು.

ಇಬ್ಬರನ್ನೂ ನೋಡಿ ನಕ್ಕವಳು ಮಿಸೆಸ್ ಗ್ರೇಯ ಮಗಳು ಜೆಸ್ಸಿ. ಮದುವೆಯಾಗಿ ಕೆಲವು ವರ್ಷವಾಗಿತ್ತು. ಗಂಡ ಮೀನು ಹಿಡಿಯುವ ಹಡಗಿನವನು, ಸಮುದ್ರಕ್ಕೆ ಹೋದರೆ ವಾರಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ಅವನನ್ನು ಕಳಿಸುವಾಗ ಜೆಸ್ಸಿ ಬಂದರಿನಲ್ಲಿ ಎಲ್ಲರೆದುರು ಅವನ ಕುತ್ತಿಗೆಗೆ ಜೋತುಬಿದ್ದು ಮುತ್ತಿಟ್ಟಳು. ನಾನು ನೆಲ ನೋಡಿದೆ. ನೀಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು, ಸೆರಗಿನ ಸಂದಿಯಿಂದ ಪೂರ್ತಿ ನೋಡಿದಳು.

ಈ ಜೆಸ್ಸಿಗೂ ನೀಲಮ್ಮನಿಗೂ ಅದು ಹೇಗೆ ಕೂಡಿತೋ ನಾನರಿಯೆ. ಒಬ್ಬಳ ಮಾತು ಒಬ್ಬಳಿಗೆ ತಿಳಿಯದು. ಆದರೂ ಇಡೀ ದಿನ ಅಡಿಗೆಮನೆಯಲ್ಲಿ ಇಬ್ಬರ ಮಾತೂ ನಡೆಯುತ್ತಲೇ ಇರುತ್ತಿತ್ತು. ಜೆಸ್ಸಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು ಎಂಬುದು ನನಗೆ ಗೊತ್ತಾದದ್ದು ನೀಲಮ್ಮನಿಂದ. ಯಾವ ಭಾಷೆಯಲ್ಲಿ ಹೇಳಿದಳು ಎಂದು ಕೇಳಿದೆ.

"ಅಂಥದ್ದು ಹೇಳಕ್ಕೆ ಭಾಷೆ ಯಾಕ್ರೀ ಬೇಕು?" ಎಂದಳು.

ಪ್ರೊಫೆಸರ ಬೆರಳು

ನಾನು ಕೆಲಸ ಕಲಿಯುತ್ತಿದ್ದ ಪ್ರಯೋಗಶಾಲೆಯಲ್ಲಿ ನನ್ನ ಪಾಲಿಗೆ ಬಂದದ್ದು ಹೋರಿಗಳ ಮೆದುಳಿನ ಬುಡದಲ್ಲಿರುವ, ಕಡಲೆಕಾಳಿನಷ್ಟು ಗ್ರಂಥಿ. ಅದನ್ನು ಅರೆದು, ಸೋಸಿ, ಅದರಲ್ಲಿರುವ ಹಾರ್ಮೋನು ಎಂಬ ರಸವನ್ನು ಬೇರ್ಪಡಿಸಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಾಡುತ್ತಿದ್ದೆ. ಆ ರಸ ಯಾರಿಗೆ ಎಂದು ಬಹಳ ದಿನ ಕೇಳಿಯೇ ಇರಲಿಲ್ಲ. ಒಂದು ದಿನ ನಮ್ಮ ಪ್ರೊಫೆಸರು, ಕೋಳಿಯಂತೆ ಕತ್ತು ಚಾಚಿ ನಡೆಯುವ ಮುದುಕರು, "ಬಾ, ನಿನ್ನ ರಸದ ಪ್ರತಾಪ ನೋಡು" ಎಂದು ಒಳಗೆ ಕರೆದುಕೊಂಡು ಹೋದರು.

ಮೇಜಿನ ಮೇಲೆ ಮೂರು ಗಂಡು ನೆಲಗಪ್ಪೆಗಳಿದ್ದವು. ಹೊರಗೆ ಹಿಮ ಬೀಳುತ್ತಿತ್ತು. ಅವು ಮಣ್ಣಿನಡಿ ಮಲಗಿರಬೇಕಾದ ಕಾಲ. ಮೊದಲನೆಯದು ಏನೂ ಚುಚ್ಚದೆ ಬಿಟ್ಟದ್ದು. ಪ್ರೊಫೆಸರು ಅದರ ಎದೆಯ ಕೆಳಗೆ ಬೆರಳು ತೂರಿಸಿದರು. ಅದು ಮಿಸುಕಲಿಲ್ಲ. ಎರಡನೆಯದಕ್ಕೆ ಹಿಂದಿನ ದಿನ ನನ್ನ ರಸ ಚುಚ್ಚಿದ್ದರು. ಅದರ ಎದೆಗೆ ಬೆರಳು ತಾಕಿದ್ದೇ ತಡ, ಎರಡು ಮುಂಗೈಗಳಿಂದ ಗಪ್ಪನೆ ಅಪ್ಪಿಕೊಂಡಿತು. ಪ್ರೊಫೆಸರು ಕೈ ಮೇಲೆತ್ತಿದರು, ಕಪ್ಪೆಯೂ ಜೊತೆಗೆ ಮೇಲಕ್ಕೆ ಹೋಯಿತು. ಕೈ ಕೊಡವಿದರು, ಬಿಡಲಿಲ್ಲ. ಆ ಬೆರಳೇ ತನ್ನ ಹೆಂಡತಿ ಎಂಬಂತೆ ಕಣ್ಣು ಅರ್ಧ ಮುಚ್ಚಿಕೊಂಡು, ಗಂಟಲಲ್ಲಿ ಸಣ್ಣಗೆ ಕೂಗುತ್ತಾ ಜೋತಾಡುತ್ತಿತ್ತು. ಮಳೆಯಿಲ್ಲ, ಕೆರೆಯಿಲ್ಲ, ಹೆಣ್ಣಿಲ್ಲ. ವಿದ್ಯುತ್ ದೀಪದ ಕೆಳಗೆ ಒಬ್ಬ ಬ್ರಹ್ಮಚಾರಿ ಮುದುಕನ ತೋರುಬೆರಳು, ಅಷ್ಟೆ.

ಮೂರನೆಯದಕ್ಕೂ ಅದೇ ರಸ, ಅಷ್ಟೇ ಪ್ರಮಾಣ. ಆದರೆ ಅದು ಬೀಜ ಒಡೆಸಿದ ಎತ್ತಿನ ಹಾಗೆ, ಬೀಜ ತೆಗೆದ ಕಪ್ಪೆ. ಬೆರಳಿನ ಪಕ್ಕದಲ್ಲಿ ಕಲ್ಲುಗುಂಡಿನಂತೆ ಕೂತಿತ್ತು.

"ತಲೆಯ ಗ್ರಂಥಿ ಬೀಜಕ್ಕೆ ಅಪ್ಪಣೆ ಕಳಿಸುತ್ತದೆ. ಬೀಜ ತನ್ನದೇ ಇನ್ನೊಂದು ರಸವನ್ನು ಮೈಗೆ ಬಿಡುತ್ತದೆ. ಆಗ ಗಂಟಲು ಕೂಗುತ್ತದೆ, ಮುಂಗೈಯ ಚರ್ಮ ಕಪ್ಪಾಗಿ ಒರಟಾಗುತ್ತದೆ, ತೋಳು ಅಪ್ಪಲು ಹುಡುಕುತ್ತದೆ. ಇದರಲ್ಲಿ ಅಪ್ಪಣೆ ಹೋಯಿತು, ಕೇಳುವವರಿಲ್ಲ," ಎಂದರು ಪ್ರೊಫೆಸರು.

ನಾನು ಕುರ್ಚಿ ಹುಡುಕಿ ಕೂತೆ ಎಂದರೆ ನಗಬೇಡಿ. ಜಗತ್ತಿನಲ್ಲಿ ಯಾರ ಕೈಗೂ ಸಿಗದ್ದು ಏನಾದರೂ ಇದ್ದರೆ ಅದು ಗಂಡುಹೆಣ್ಣಿನ ಒಲವು ಎಂದು ನಂಬಿದವನು ನಾನು. ಅದನ್ನು ನಾನೇ ಸೀಸೆಗೆ ತುಂಬಿ ಬಿರಡೆ ಹಾಕಿ ಕೊಟ್ಟಿದ್ದೆ.

"ಹಾಗಾದರೆ ಮನುಷ್ಯರಲ್ಲೂ…?" ಎಂದು ತಡವರಿಸಿದೆ.

"ನನಗೆ ಕಪ್ಪೆಯ ವಿಷಯ ಮಾತ್ರ ಗೊತ್ತು," ಎಂದು ಅವರು ಬೆರಳು ಬಿಡಿಸಿಕೊಳ್ಳಲು ಒದ್ದಾಡುತ್ತಾ ಹೇಳಿದರು.

ಅದೇ ಕಟ್ಟಡದಲ್ಲಿ ಇನ್ನೊಂದು ಕೋಣೆ ಇತ್ತು. ಅಲ್ಲಿ ಆಫ್ರಿಕಾದಿಂದ ತರಿಸಿದ ನೀರುಗಪ್ಪೆಗಳು. ಅದರ ಉಸ್ತುವಾರಿ ಮಿಸ್ ಬೇನ್ಸ್ ಎಂಬ ಚುರುಕಾದ ಹೆಣ್ಣುಮಗಳದ್ದು. ಬಸುರಿಯ ಮೂತ್ರದಲ್ಲಿ ನನ್ನ ತಲೆಗ್ರಂಥಿಯ ರಸದಂಥದ್ದೇ ಒಂದು ಹಾರ್ಮೋನು ಇರುತ್ತದಂತೆ. ಅದನ್ನು ಈ ಹೆಣ್ಣುಕಪ್ಪೆಗೆ ಚುಚ್ಚಿದರೆ ಮಾರನೆಯ ದಿನದೊಳಗೆ ಮೊಟ್ಟೆ ಇಡುತ್ತದೆ. ಬಸುರಿಯಲ್ಲದಿದ್ದರೆ ಇಡುವುದಿಲ್ಲ. ಊರಿನ ಡಾಕ್ಟರುಗಳು ಅನುಮಾನ ಬಂದಾಗ ಸೀಸೆ ಕಳಿಸುತ್ತಿದ್ದರು. ಆ ಕೋಣೆಗೆ ನಾನು ಕಾಲಿಟ್ಟವನಲ್ಲ. ಒಂದು ಕಪ್ಪೆಯ ದರ್ಶನವೇ ನನಗೆ ಸಾಕಾಗಿತ್ತು.

ಮನೆಗೆ ಬಂದು ನೀಲಮ್ಮನಿಗೆ ಎಲ್ಲ ಹೇಳಿ, ನಮ್ಮ ಮದುವೆಯೂ ಒಂದು ತೊಟ್ಟು ರಸದ ಆಟವೇ ಇರಬಹುದು ಎಂದೆ.

"ನಮ್ಮ ಮದ್ವೆ ಮಾಡಿದ್ದು ನಮ್ಮಪ್ಪ. ಯಾವ ರಸಾನೂ ಅಲ್ಲ, ಉಣ್ಣಕ್ ಬರ್ರಿ," ಎಂದಳು.

ಟ್ರ್ಯಾಮಿನಲ್ಲಿ ಒಂದು ಸೀಸೆ

ಚಳಿಗಾಲದ ಕೊನೆಗೆ ಜೆಸ್ಸಿಯ ಮುಟ್ಟು ನಿಂತಿತು. ಹೊಟ್ಟೆ ಕೊಂಚ ಗಟ್ಟಿಯಾಯಿತು, ಆಗಾಗ ನೋವು, ರಕ್ತದ ಕಲೆ. ಡಾಕ್ಟರು ಕೈಯಿಟ್ಟು ನೋಡಿ, ಇದು ಬಸಿರೂ ಇರಬಹುದು, ಗರ್ಭಕೋಶದಲ್ಲಿ ಬೆಳೆಯುವ ಗಡ್ಡೆಯೂ ಇರಬಹುದು ಎಂದರು. ಗಡ್ಡೆಯಾದರೆ ತಡಮಾಡದೆ ಕೊಯ್ದು ತೆಗೆಯಬೇಕು, ಗರ್ಭಕೋಶವೂ ಜೊತೆಗೆ ಹೋಗುತ್ತದೆ. ಕಪ್ಪೆ ಏನು ಹೇಳುತ್ತದೋ ನೋಡೋಣ ಎಂದು ಹೇಳಿ ಕಳಿಸಿದರು.

ಶನಿವಾರ ಬೆಳಗ್ಗೆ ಜೆಸ್ಸಿ ಒಂದು ಸೀಸೆಯನ್ನು ಕಾಗದದಲ್ಲಿ ಸುತ್ತಿ ನನ್ನ ಮುಂದೆ ಹಿಡಿದಳು. ನಾನು ದಿನವೂ ಅಲ್ಲಿಗೇ ಹೋಗುವವನಲ್ಲವೇ, ಕೊಟ್ಟುಬಿಡುತ್ತೀರಾ ಎಂದು ಕೇಳಿದಳು. ನನ್ನ ಮುಖ ಹೇಗಾಯಿತೋ! ಪರಸ್ತ್ರೀಯ ಮೂತ್ರ! ಬೇಡ ಎನ್ನಲು ಬಾಯಿ ತೆರೆದೆ. ನೀಲಮ್ಮ ಹಿಂದಿನಿಂದ ಬಂದು ಸೀಸೆಯನ್ನು ಕಸಿದು ನನ್ನ ಕೋಟಿನ ಜೇಬಿಗೆ ಇಳಿಬಿಟ್ಟಳು.

ಕೊರಳಲ್ಲಿ ಲಿಂಗದ ಕರಡಿಗೆ, ಜೇಬಿನಲ್ಲಿ ಅದು. ಟ್ರ್ಯಾಮಿನಲ್ಲಿ ಜನ ಒತ್ತರಿಸಿದಾಗಲೆಲ್ಲ ಜೇಬನ್ನು ಎರಡು ಕೈಯಿಂದ ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ದಪ್ಪ ಮನುಷ್ಯನೊಬ್ಬ ಕಣ್ಣು ಮಿಟುಕಿಸಿ, "ವಿಸ್ಕಿಯೋ?" ಎಂದು ಕೇಳಿದ. ನಾನು ಬೆವರಿ, ಅಲ್ಲ ಎಂದು ತಲೆಯಾಡಿಸಿದೆ. ಅವನು ನಂಬಲಿಲ್ಲ. ಇಳಿಯುವವರೆಗೂ ನನ್ನ ಜೇಬನ್ನೇ ಆಸೆಯಿಂದ ನೋಡುತ್ತಿದ್ದ.

ಮಿಸ್ ಬೇನ್ಸ್ ಆ ದಿನ ಸೀನುತ್ತಿದ್ದಳು. ಮೂಗು ಕೆಂಪು, ಮೈ ಬಿಸಿ. ಸೀಸೆಯನ್ನು ತೆಗೆದಿರಿಸಿ, "ನಾಳೆ ನಾನು ಬರದಿದ್ದರೆ ನೀವೇ ಮಾಡಿಬಿಡಿ. ಮೂತ್ರದಿಂದ ರಸ ತೆಗೆಯುವುದು ನಿಮಗೆ ಗೊತ್ತು. ಹೊಸ ತೊಟ್ಟಿಯಿಂದ ಎರಡು ಹೆಣ್ಣು ಹಿಡಿದು ಬೆನ್ನಿನ ಚರ್ಮದಡಿ ಚುಚ್ಚಿ, ಜಾಡಿಯಲ್ಲಿ ಬಿಡಿ. ಸೋಮವಾರ ಮೊಟ್ಟೆ ಇದೆಯೇ ನೋಡಿ," ಎಂದಳು. ಮಕ್ಕಳಾಟ ಎಂದುಕೊಂಡೆ.

ಭಾನುವಾರ

ಮಿಸ್ ಬೇನ್ಸ್ ಬರಲಿಲ್ಲ. ಜ್ವರದಲ್ಲಿ ಮಲಗಿದ್ದಳು. ರಜಾದಿನ, ಕಟ್ಟಡದಲ್ಲಿ ಬಾಗಿಲು ಕಾಯುವವನನ್ನು ಬಿಟ್ಟು ಯಾರೂ ಇಲ್ಲ. ಒಬ್ಬನೇ ಹೋಗಲು ಧೈರ್ಯ ಸಾಲದೆ ನೀಲಮ್ಮನನ್ನು ಕರೆದುಕೊಂಡು ಹೋದೆ. ಜೆಸ್ಸಿಯ ಕೆಲಸ ಎಂದಮೇಲೆ ಅವಳು ಬೇಡವೆನ್ನುವಂತಿರಲಿಲ್ಲ.

ರಸ ತೆಗೆದು ಪಿಚಕಾರಿಗೆ ತುಂಬಿದೆ. ತೊಟ್ಟಿಯ ಮುಚ್ಚಳ ಎತ್ತಿದೆ. ಹಡಗಿನಿಂದ ಆ ವಾರವಷ್ಟೇ ಬಂದ ಕಪ್ಪೆಗಳು ಗಂಡುಹೆಣ್ಣು ಬೆರೆತೇ ಇದ್ದವು. ಕೆಲವು ಅಂಗೈ ತುಂಬುವಷ್ಟು ದೊಡ್ಡವು, ಕೆಲವು ಅದರ ಅರ್ಧ. ಇದರಲ್ಲಿ ಹೆಣ್ಣು ಯಾವುದು? ನಾನು ಪಿಚಕಾರಿ ಹಿಡಿದುಕೊಂಡು ಪೆಚ್ಚಾಗಿ ನಿಂತೆ.

"ಅಷ್ಟೂ ಗೊತ್ತಾಗಲ್ವೇನ್ರೀ?" ಎಂದು ನೀಲಮ್ಮ ಸೆರಗು ಸಿಕ್ಕಿಸಿದಳು. "ಸಣ್ಣವು ಹೆಣ್ಣು."

ಅವಳ ಮಾತನ್ನು ನಾನು ಒಂದು ಕ್ಷಣವೂ ಸಂಶಯಿಸಲಿಲ್ಲ. ಯಾಕೆಂದರೆ ನನಗೂ ಅದು ಗೊತ್ತಿದ್ದದ್ದೇ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ, ಮಳೆ ಬರಲಿ ಎಂದು ಕಪ್ಪೆಯ ಮದುವೆ ಮಾಡುತ್ತಾರೆ. ನಾನು ಹುಟ್ಟಿ ಬೆಳೆದ ಬಡವನಹಳ್ಳಿಯಲ್ಲಿ ನೋಡಿದ್ದೇನೆ, ಕೊರಟಗೆರೆಯ ಕಡೆಯೂ ಉಂಟು. ಪಾವಗಡದಲ್ಲಂತೂ ನೀಲಮ್ಮನ ಮನೆಯ ಹೆಂಗಸರೇ ಮುಂದೆ ನಿಂತು ಮಾಡಿಸುವವರು. ದೊಡ್ಡ ಕಪ್ಪೆಯನ್ನು ಗಂಡೆಂದು ಕೂರಿಸಿ ಹಣೆಗೆ ಎಕ್ಕದ ಹೂವಿನ ಬಾಸಿಂಗ ಕಟ್ಟುತ್ತಾರೆ. ಸಣ್ಣದಕ್ಕೆ ಅರಿಶಿನ ಹಚ್ಚಿ, ಎಲೆಯ ಸೀರೆ ಸುತ್ತಿ, ಕೊರಳಿಗೆ ದಾರ ಕಟ್ಟುತ್ತಾರೆ. ಮನೆಮನೆಯ ಮುಂದೆ ನೀರು ಸುರಿಸಿಕೊಂಡು ಮೆರವಣಿಗೆ ಹೋಗಿ ಕೆರೆಗೆ ಬಿಡುತ್ತಾರೆ. ಗಂಡು ಹೆಣ್ಣಿಗಿಂತ ದೊಡ್ಡದಿರಬೇಕು ಎಂಬುದನ್ನು ನಮ್ಮಲ್ಲಿ ಯಾರೂ ಕಪ್ಪೆಯನ್ನು ಕೇಳಿ ತಿಳಿದದ್ದಲ್ಲ. ಮದುವೆ ಎಂದರೆ ಹಾಗೆ, ಅಷ್ಟೆ.

ನೀಲಮ್ಮ ನೀರಿಗೆ ಕೈಯಿಳಿಸಿ ಸಣ್ಣವೆರಡನ್ನು ಹಿಡಿದಳು. ಸೋಪು ಹಚ್ಚಿದ ಹಾಗೆ ಜಾರುತ್ತಿದ್ದವು. ಒಂದು ಜಾರಿ ನನ್ನ ಪಾದದ ಮೇಲೆ ಬಿತ್ತು, ನಾನು ಮೇಜು ಹತ್ತಿದೆ. ಅವಳು ಅದನ್ನು ಸೆರಗಿನಲ್ಲಿ ಹಿಡಿದು, "ಇಳೀರಿ ಕೆಳಕ್ಕೆ, ಹೆಣ್ಮಗು ಕಣ್ರೀ, ಏನ್ ಮಾಡ್ತದೆ?" ಎಂದು ಸಮಾಧಾನ ಹೇಳಿದಳು. ಎರಡಕ್ಕೂ ಚುಚ್ಚಿ ಜಾಡಿಯಲ್ಲಿ ಬಿಟ್ಟೆವು. ಹೊರಡುವ ಮುಂಚೆ ನೀಲಮ್ಮ ಜಾಡಿಗೆ ಕೈಮುಗಿದು, "ಒಳ್ಳೆ ಮಾತು ಹೇಳ್ರವ್ವ," ಎಂದಳು.

ಸೋಮವಾರ

ಮೊಟ್ಟೆ ಇರಲಿಲ್ಲ.

ದೀಪ ಹಿಡಿದು, ಜಾಡಿ ತಿರುಗಿಸಿ, ತಳವೆಲ್ಲ ನೋಡಿದೆ. ಒಂದೂ ಇಲ್ಲ. ಒಂದು ಕಪ್ಪೆ ಇನ್ನೊಂದರ ಸೊಂಟವನ್ನು ಅಪ್ಪಿಕೊಂಡು ತೇಲುತ್ತಿತ್ತು. ಪರದೇಶದಲ್ಲಿ ಅಕ್ಕತಂಗಿಯರು ಒಬ್ಬರಿಗೊಬ್ಬರು ಆಸರೆ ಎಂದುಕೊಂಡೆ. ಎಲ್ಲಿಂದಲೋ ಟಿಕ್ ಟಿಕ್ ಎಂದು ಸದ್ದು ಬರುತ್ತಿತ್ತು. ನಲ್ಲಿ ಸೋರುತ್ತಿದೆ ಎಂದು ಹೋಗಿ ಬಿಗಿ ಮಾಡಿದೆ. ನನ್ನ ಕಣ್ಣು ಕಿವಿ ಎರಡೂ ನೆಟ್ಟಗಿದ್ದವು. ಬುದ್ಧಿ ಮಾತ್ರ ಬಡವನಹಳ್ಳಿಯ ಕೆರೆ ಏರಿಯ ಮೇಲೆಯೇ ನಿಂತಿತ್ತು.

ಡಾಕ್ಟರಿಗೆ "ಇಲ್ಲ" ಎಂದು ತಿಳಿಸಿದೆ. ಅವರು ಬುಧವಾರ ಬೆಳಗ್ಗೆಗೆ ಆಪರೇಷನ್ ಗೊತ್ತುಮಾಡಿದರು.

ಸಂಜೆ ಮನೆಯಲ್ಲಿ ಯಾರೂ ಅಳಲಿಲ್ಲ. ಅದಕ್ಕೇ ನನಗೆ ಭಯವಾಯಿತು. ನಮ್ಮಲ್ಲಾಗಿದ್ದರೆ ಬೀದಿಯ ಹೆಂಗಸರೆಲ್ಲ ಬಂದು ಅತ್ತು ಹಗುರ ಮಾಡಿ ಹೋಗುತ್ತಿದ್ದರು. ಇಲ್ಲಿ ಮಿಸೆಸ್ ಗ್ರೇ ಚಹಾ ಬಸಿದಳು. ಜೆಸ್ಸಿ ಬೆಕ್ಕಿನ ತಲೆ ಸವರುತ್ತಾ, "ಕಪ್ಪೆಗೆ ನನ್ನ ಧನ್ಯವಾದ ಹೇಳಿ. ಆಸೆ ಇಟ್ಟುಕೊಂಡು ಕಾಯುವುದು ತಪ್ಪಿತು," ಎಂದಳು. ಆಮೇಲೆ ಎದ್ದು, ಯಾವಾಗಲೋ ಹೆಣೆದಿಟ್ಟಿದ್ದ ಪುಟ್ಟ ಉಣ್ಣೆಯ ಟೋಪಿಯೊಂದನ್ನು ತಂದು ಅದರ ನೂಲನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದಳು. ನೀಲಮ್ಮ ಅವಳೆದುರು ಕೂತು, ಬಿಚ್ಚಿದ ನೂಲನ್ನು ಉಂಡೆ ಸುತ್ತಿಕೊಟ್ಟಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಬುಧವಾರ

ಬೆಳಗ್ಗೆ ಜೆಸ್ಸಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವಳ ಕೈ ಬಿಡದೆ ನೀಲಮ್ಮನೂ ಹೋದಳು. ನಾನು ಪ್ರಯೋಗಶಾಲೆಗೆ ಬಂದೆ. ಮಿಸ್ ಬೇನ್ಸ್ ಜ್ವರ ಬಿಟ್ಟು ಎದ್ದು ಬಂದಿದ್ದಳು. ನಾನು ನಡೆದದ್ದನ್ನು ಹೇಳುತ್ತಿದ್ದ ಹಾಗೆಯೇ ಅವಳು ಜಾಡಿಯ ಮುಂದೆ ಬಗ್ಗಿದವಳು ಹಾಗೇ ನಿಂತುಬಿಟ್ಟಳು.

"ಚುಚ್ಚಿದ್ದು ಇವಕ್ಕಾ?"

"ಹೌದು, ಈ ಎರಡು ಹೆಣ್ಣಿಗೆ."

"ಹೆಣ್ಣು ಎಂದು ಯಾರು ಹೇಳಿದರು? ಇವೆರಡೂ ಗಂಡು!"

"ಸಣ್ಣವಲ್ಲವೇ?" ಎಂದೆ.

"ಗಂಡೇ ಸಣ್ಣದು! ಕಪ್ಪೆಗಳಲ್ಲಿ ಹೆಣ್ಣೇ ದೊಡ್ಡದು. ಮೊಟ್ಟೆ ಹೊರುವವಳು ಅವಳಲ್ಲವೇ?"

ನನ್ನ ತಲೆಯಲ್ಲಿ ಪಾವಗಡದ ಅಷ್ಟೂ ಮದುವೆಗಳು ತಲೆಕೆಳಗಾದವು. ತಲೆತಲಾಂತರದಿಂದ ಹೆಣ್ಣಿಗೆ ಬಾಸಿಂಗ ಕಟ್ಟಿ, ಗಂಡಿಗೆ ಸೀರೆ ಉಡಿಸಿದ್ದೆವು! ಆದರೆ ನಾಚಿಕೊಳ್ಳಲೂ ಪುರುಸೊತ್ತಿರಲಿಲ್ಲ. ಮಿಸ್ ಬೇನ್ಸ್ ಮೇಲಿದ್ದ ಕಪ್ಪೆಯನ್ನು ಬಿಡಿಸಿ ಎತ್ತಿ ಹಿಡಿದಳು. ಅದರ ಮುಂಗೈ ಮಸಿ ಬಳಿದ ಹಾಗೆ ಕಪ್ಪಾಗಿತ್ತು. ಕೈಯಲ್ಲಿದ್ದಾಗಲೂ ಟಿಕ್ ಟಿಕ್ ಎಂದಿತು. ನಾನು ನಲ್ಲಿ ಎಂದುಕೊಂಡದ್ದು ಗಂಡು ತನ್ನ ಜೊತೆಗಾತಿಯನ್ನು ಕರೆಯುವ ದನಿ. ಕೆಳಗೆ ಸಿಕ್ಕಿಹಾಕಿಕೊಂಡಿದ್ದ ಇನ್ನೊಂದು, ಬಿಡುಗಡೆಯಾದದ್ದೇ ತಡ, ತಾನೂ ಟಿಕ್ ಟಿಕ್ ಎನ್ನತೊಡಗಿತು.

"ವಿಚಿತ್ರ," ಎಂದಳು ಅವಳು. "ಊರು ಬಿಟ್ಟು ತಿಂಗಳು ಹಡಗಿನಲ್ಲಿ ನರಳಿ ಬಂದ ಗಂಡು ಹೀಗೆ ಕೂಗುವುದಿಲ್ಲ, ಅಪ್ಪುವುದೂ ಇಲ್ಲ. ನೀವು ಇವಕ್ಕೆ ಗ್ರಂಥಿಯ ರಸ ಏನಾದರೂ ಚುಚ್ಚಿದಿರಾ?"

"ಇಲ್ಲ. ಆ ಸೀಸೆಯದು ಮಾತ್ರ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ತಲೆಗ್ರಂಥಿಯ ರಸ ಬೀಳದೆ ಗಂಡುಕಪ್ಪೆಗೆ ಈ ಹುಚ್ಚು ಹಿಡಿಯದು. ಇಲ್ಲಾ, ಅಂಥದ್ದೇ ರಸ ಇನ್ನೆಲ್ಲಿಂದಲಾದರೂ ಬಂದಿರಬೇಕು. ಅದು ಜೆಸ್ಸಿಯ ಸೀಸೆಯಲ್ಲಿತ್ತು. ಜೆಸ್ಸಿ ಬಸುರಿ. ಎರಡು ದಿನದಿಂದ ಆ ಜಾಡಿ ನನ್ನ ಕಿವಿಯ ಹತ್ತಿರವೇ ಕೂಗಿ ಹೇಳುತ್ತಿತ್ತು. ಆ ಹೊತ್ತಿಗೆ ಅವಳನ್ನು ಕೊಯ್ಯಲು ತಯಾರು ಮಾಡುತ್ತಿದ್ದರು.

ಮಿಸ್ ಬೇನ್ಸ್ ಟೆಲಿಫೋನಿಗೆ ಓಡಿದಳು. ನಾನು ಅದನ್ನು ಕಾಯದೆ ಬೀದಿಗೆ ಓಡಿದೆ. ಟ್ರ್ಯಾಮ್ ಬರಲಿಲ್ಲ. ಕೆಸರುಗಟ್ಟಿದ ಹಿಮದಲ್ಲಿ ಎರಡು ಸಲ ಬಿದ್ದೆ, ಟೋಪಿ ಎಲ್ಲೋ ಹೋಯಿತು. ಮಧುಗಿರಿಯ ಬಂಡೆ ಹತ್ತಿದವನು ನಾನು, ಆದರೆ ಆ ಸಪಾಟು ರಸ್ತೆಯಲ್ಲಿ ನನ್ನ ಎದೆ ಒಡೆಯಿತು. ಓಡುತ್ತಾ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಜೋಡಿಸಿಕೊಂಡೆ. ಆಸ್ಪತ್ರೆಯ ಉದ್ದನೆಯ ಓಣಿಗೆ ನುಗ್ಗಿದಾಗ ಎದುರಿಗೇ ಗಾಲಿಯ ಮಂಚ ಬರುತ್ತಿತ್ತು. ಮೇಲೆ ಬಿಳೀ ಬಟ್ಟೆ ಹೊದ್ದ ಜೆಸ್ಸಿ, ಪಕ್ಕದಲ್ಲಿ ನೀಲಮ್ಮ. ನನ್ನ ಬಾಯಿಂದ ಇಂಗ್ಲಿಷ್ ಪೂರ್ತಿ ಹಾರಿಹೋಯಿತು.

"ನೀಲಾ, ಬಿಡಬೇಡ! ಆ ಕಪ್ಪೆ ಗಂಡು ಕಣೇ, ಜೆಸ್ಸಿ ಬಸುರಿ!" ಎಂದು ಕನ್ನಡದಲ್ಲಿ ಕೂಗಿದೆ.

ನೀಲಮ್ಮ ಮಂಚದ ಕಬ್ಬಿಣದ ಸರಳನ್ನು ಎರಡು ತೋಳಿನಲ್ಲೂ ಬಾಚಿ ಹಿಡಿದು ನೆಲಕ್ಕೆ ಕೂತುಬಿಟ್ಟಳು. ಮಂಚ ಗಕ್ಕನೆ ನಿಂತಿತು. ಒಬ್ಬಳು ನರ್ಸು ಅವಳ ಭುಜ ಎಳೆದಳು, ಇನ್ನೊಬ್ಬಳು ಬೆರಳು ಬಿಡಿಸಲು ನೋಡಿದಳು.

"ವದಲನು! ಬುಡಲ್ಲ ಅಂದ್ರೆ ಬುಡಲ್ಲ! ಕೊಯ್ಯಕ್ ಬುಡಲ್ಲ!" ಎಂದು ಕಿರುಚಿದಳು. ಮಿಸೆಸ್ ಗ್ರೇ ಗೋಡೆಗೆ ಒರಗಿ ನಿಂತಿದ್ದಳು.

ಡಾಕ್ಟರು ಗೌನು ತೊಟ್ಟು ಹೊರಗೆ ಬಂದರು. ನಾನು ಏದುಸಿರಿನಲ್ಲಿ ಹೇಗೋ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು.

"ನೀವು ಹೆಣ್ಣೆಂದು ಗಂಡಿಗೆ ಚುಚ್ಚಿದಿರಿ. ಈಗ ಆ ಗಂಡು ಇನ್ನೊಂದು ಗಂಡನ್ನು ಅಪ್ಪಿಕೊಂಡಿತೆಂದು ನಾನು ಆಪರೇಷನ್ ನಿಲ್ಲಿಸಬೇಕೇ? ಗಡ್ಡೆ ಒಡೆದರೆ ಯಾರು ಹೊಣೆ?"

ಉತ್ತರ ಮಂಚದ ಮೇಲಿನಿಂದ ಬಂತು. ಅರೆನಿದ್ದೆಯ ಮದ್ದು ಕೊಟ್ಟಿದ್ದರೂ ಜೆಸ್ಸಿ ಮೊಣಕೈ ಊರಿ ಎದ್ದಿದ್ದಳು.

"ನಾಳೆಯವರೆಗೆ ಕಾಯುತ್ತೇನೆ. ಹೊಣೆ ನನ್ನದು," ಎಂದಳು.

ಮಾರನೆಯ ದಿನ

ಮಿಸ್ ಬೇನ್ಸ್ ತಾನೇ ಆರಿಸಿ, ಜೆಸ್ಸಿಯ ಮತ್ತೊಂದು ಸೀಸೆಯ ರಸ ಚುಚ್ಚಿದ್ದ ಎರಡು ದೊಡ್ಡ ಹೆಣ್ಣುಕಪ್ಪೆಗಳ ಜಾಡಿಯ ತಳದಲ್ಲಿ ಗಸಗಸೆ ಚೆಲ್ಲಿದ ಹಾಗೆ ಮೊಟ್ಟೆ. ಡಾಕ್ಟರು ಖುದ್ದಾಗಿ ಬಂದು ನೋಡಿ, ಹೋಗಿ ಆಪರೇಷನ್ ಪಟ್ಟಿಯಿಂದ ಜೆಸ್ಸಿಯ ಹೆಸರು ಹೊಡೆದುಹಾಕಿದರು. ಸುದ್ದಿ ಹೇಳಿದಾಗ ಮಿಸೆಸ್ ಗ್ರೇ ನೆಟ್ಟಗೆ ನನ್ನ ಹತ್ತಿರ ಬಂದು ಕೆನ್ನೆಗೆ ಒಂದು ಏಟು ಬಿಗಿದಳು. ನಾನು ದಂಗುಬಡಿದು ನಿಂತಿರುವಾಗಲೇ ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಆ ದೇಶದವರು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ.

ನೀಲಮ್ಮನಿಗೆ ನಾನು ಸಮಾಧಾನ ಹೇಳುವ ಗೋಜಿಗೆ ಹೋಗಿರಲಿಲ್ಲ. ಅವಳೇ ಮಂಚ ಹಿಡಿದು ನಿಲ್ಲಿಸಿದವಳು, ಹಿಗ್ಗಿನಲ್ಲಿದ್ದಾಳೆ ಎಂದುಕೊಂಡಿದ್ದೆ. ಆದರೆ ಅಂದಿನಿಂದ ಅವಳು ಜೆಸ್ಸಿಯ ಎದುರು ಕಣ್ಣೆತ್ತಿ ನಿಲ್ಲುತ್ತಿರಲಿಲ್ಲ. ಅಡಿಗೆಮನೆಯಲ್ಲಿ ಕೆಲಸ ಮಾಡಿಕೊಡುತ್ತಿದ್ದಳು, ಮಾತು ಮಾತ್ರ ನಿಂತುಹೋಯಿತು.

ಶರತ್ಕಾಲದಲ್ಲಿ ಹೆಣ್ಣುಮಗು ಹುಟ್ಟಿತು. ನಾವು ಊರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಜೆಸ್ಸಿ ಮಗುವನ್ನು ಶಾಲಿನಲ್ಲಿ ಸುತ್ತಿ ತಂದು ನೀಲಮ್ಮನ ಮುಂದೆ ಹಿಡಿದಳು. ನೀಲಮ್ಮ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಎತ್ತಿಕೊಳ್ಳೇ ಎಂದೆ.

"ಬ್ಯಾಡ ಕಣ್ರೀ. ಸಣ್ಣವು ಹೆಣ್ಣು ಅಂತ ಆ ಕಪ್ಪೆನ ಎತ್ತಿಕೊಟ್ಟಿದ್ದು ಈ ಕೈನೇ ಅಲ್ವಾ? ಒಂದ್ ಗಳಿಗೆ ತಡವಾಗಿದ್ರೆ ಈ ಮಗೀನ ನಾನೇ ಕೊಂದಿರ್ತಿದ್ದೆ. ಏನಂತ ಮುಟ್ಲಿ? ಅವ್ಳಿಗೆ ಇದನ್ನ ಹೇಳ್ರೀ. ಹೇಳ್ಬುಡಿ, ನಾನ್ ಮುಟ್ಟಲ್ಲ."

ನಾನು ಹೇಗೆ ಹೇಳಲಿ ಎಂದು ಇಂಗ್ಲಿಷ್ ಹುಡುಕುತ್ತಿದ್ದೆ. ಜೆಸ್ಸಿ ಕಾಯಲಿಲ್ಲ. ಮಗುವನ್ನು ಒಂದು ತೋಳಿಗೆ ಸರಿಸಿಕೊಂಡು, ಇನ್ನೊಂದು ಕೈಯಿಂದ ನೀಲಮ್ಮನ ಕೈಗಳನ್ನು ಬೆನ್ನ ಹಿಂದಿನಿಂದ ಎಳೆದು ತಂದು, ಅವುಗಳಲ್ಲಿ ಮಗುವನ್ನು ಇಟ್ಟು ತನ್ನ ಕೈ ತೆಗೆದುಬಿಟ್ಟಳು. ಇನ್ನು ನೀಲಮ್ಮ ಹಿಡಿದುಕೊಳ್ಳಲೇಬೇಕಾಯಿತು.